ಆಸಿಟ್ರಾಮ್ ನುಂಗುವ ಅಮ್ಮನಿಗೆ ಬಸಳೆ ಬಡಿಸಬಹುದೇ?

ಬಿಜೈಯ ಮಗಳು

ಅಮ್ಮನಿಗೆ 61 ವರ್ಷ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಹಾಳಾಗಿ, ಎರಡು ವರ್ಷದ ಹಿಂದೆ ಮೆಕ್ಯಾನಿಕಲ್ ವಾಲ್ವ್ ಹಾಕಿದ್ದಾರೆ. ರಾತ್ರಿ ಪಕ್ಕದಲ್ಲಿ ಮಲಗಿದರೆ ಅದರ ಟಿಕ್ ಟಿಕ್ ನನಗೂ ಕೇಳಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ದಿನಾ ಸಂಜೆ ಆರಕ್ಕೆ ಆಸಿಟ್ರಾಮ್ ಮಾತ್ರೆ. ಆಸ್ಪತ್ರೆಯಿಂದ ಬರುವಾಗ ಯಾರೋ ‘ಹಸಿರು ಸೊಪ್ಪು ಮುಟ್ಟಬೇಡಿ’ ಎಂದದ್ದನ್ನು ನಾನು ಅಕ್ಷರಶಃ ಪಾಲಿಸಿದೆ. ಹಿತ್ತಿಲಲ್ಲಿ ಬಸಳೆ ಚಪ್ಪರ ತುಂಬಿ ತುಳುಕುತ್ತಿದೆ, ನೆರೆಯವರು ಕೊಯ್ದುಕೊಂಡು ಹೋಗುತ್ತಾರೆ, ಅಮ್ಮ ನೋಡುತ್ತಾ ಕೂರುತ್ತಾರೆ.

ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಹನ್ನೆರಡು ದಿನ ಕಟಪಾಡಿಯ ದೊಡ್ಡಮ್ಮನ ಮನೆಯಲ್ಲಿದ್ದರು. ಕೆಸುವಿನ ಎಲೆಯ ಪತ್ರೊಡೆ, ತಜಂಕ್ ಸೊಪ್ಪಿನ ಪಲ್ಯ, ತಿಮರೆ (ಒಂದೆಲಗ) ಚಟ್ನಿ ಎಲ್ಲ ಆಗಿದೆ. ಬಂದ ಮೇಲೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಪರೀಕ್ಷೆ ಮಾಡಿಸಿದರೆ ಯಾವಾಗಲೂ 2.8ರ ಆಸುಪಾಸಿನಲ್ಲಿರುವ ಐಎನ್‌ಆರ್ 1.7! ಡಾಕ್ಟರು ಡೋಸ್ ಏರಿಸಿದರು. ಸೊಪ್ಪಿನ ವಿಷಯ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅದಾಗಿ ಎರಡು ವಾರ. ಈಗ ಮನೆಯಲ್ಲಿ ಮತ್ತೆ ಸೊಪ್ಪಿಲ್ಲದ ಊಟ. ಮಂಡಿನೋವೆಂದು ಮೂರು ದಿನದಿಂದ ಮೆಡಿಕಲ್‌ನಲ್ಲಿ ಕೊಟ್ಟ ಡೈಕ್ಲೋಫೆನಾಕ್ ನುಂಗುತ್ತಿದ್ದಾರೆ. ನಿನ್ನೆ ಹಲ್ಲುಜ್ಜುವಾಗ ವಸಡಿನಿಂದ ಸ್ವಲ್ಪ ರಕ್ತ ಬಂತು, ಬ್ರಷ್ ಗಡಸಾಗಿರಬೇಕು.

ನನ್ನ ಪ್ರಶ್ನೆ ಇಷ್ಟೇ: ವಾರಕ್ಕೊಮ್ಮೆಯಾದರೂ ಬಸಳೆ ಕೊಡಬಹುದೇ?

ಕಲ್ಸಂಕದ ಮಾಷ್ಟ್ರು

ತಂಗೀ, ಬಸಳೆ ಆಮೇಲೆ. ಬ್ರಷ್ಷನ್ನು ದೂರಬೇಡಿ. ಈಗಲೇ ಹೊರಟು ಐಎನ್‌ಆರ್ ಮಾಡಿಸಿ, ವರದಿ ಬರುವುದಕ್ಕೂ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ ನೋಡಿ: ಸೊಪ್ಪು ತಿಂದದ್ದರಿಂದ ಅಂಕಿ ಇಳಿಯಿತು, ಇಳಿದದ್ದಕ್ಕೆ ಡೋಸ್ ಏರಿತು, ಸೊಪ್ಪು ನಿಂತಿತು, ಏರಿದ ಡೋಸ್ ಮಾತ್ರ ಹಾಗೆಯೇ ಉಳಿಯಿತು. ಅದರ ಮೇಲೆ ನೋವಿನ ಮಾತ್ರೆ ಬೇರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಹೊಟ್ಟೆಯ ಒಳಪದರ ಕೆರೆದು ರಕ್ತಸ್ರಾವ ತರಬಲ್ಲವು. ಆಸಿಟ್ರಾಮ್ ಜೊತೆಗಂತೂ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳುವಂಥದ್ದಲ್ಲ. ಮಲ ಡಾಂಬರಿನಂತೆ ಕಪ್ಪಗಿದ್ದರೆ, ಮೂತ್ರ ಕೆಂಪಾದರೆ, ಜೋರು ತಲೆನೋವು ಬಂದರೆ, ಬಿದ್ದು ತಲೆಗೆ ಪೆಟ್ಟಾದರೆ ಫೋನನ್ನೂ ಕಾಯಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ.

ಹೋಗಿ ಬಂದಿರೇ? ಹಾಗಾದರೆ ಮುಂದಿನದನ್ನು ಓದಿ.

ನನಗೆ 2009ರಲ್ಲಿ ವಾಲ್ವ್ ಹಾಕಿದರು. ನನ್ನದೂ ಮೈಟ್ರಲ್ ಜಾಗದ್ದೇ. ಅದಕ್ಕೆ ಸಾಮಾನ್ಯವಾಗಿ ಐಎನ್‌ಆರ್ 2.5ರಿಂದ 3.5ರ ನಡುವೆ ಇರಬೇಕೆನ್ನುತ್ತಾರೆ. ಕಡಿಮೆಯಾದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುವ ಭಯ, ಹೆಚ್ಚಾದರೆ ಸೋರುವ ಭಯ. ರಕ್ತ ಹೆಪ್ಪುಗಟ್ಟಲು ಯಕೃತ್ತಿಗೆ ವಿಟಮಿನ್ ಕೆ ಬೇಕು. ಮಾತ್ರೆ ಅದಕ್ಕೆ ಅಡ್ಡಗಾಲು ಹಾಕುತ್ತದೆ, ಸೊಪ್ಪು ಅದನ್ನು ತಂದು ಸುರಿಯುತ್ತದೆ. ನಿಮ್ಮ ಸೊಪ್ಪು ದಿನವೂ ಒಂದೇ ಅಳತೆಯಲ್ಲಿದ್ದರೆ ಡಾಕ್ಟರು ಡೋಸನ್ನು ಅದಕ್ಕೆ ಹೊಂದಿಸುತ್ತಾರೆ. ಹನ್ನೊಂದು ತಿಂಗಳು ಉಪವಾಸ, ಆಟಿಯಲ್ಲಿ ಹಬ್ಬ ಎಂದರೆ ಯಾವ ಡೋಸೂ ನಿಲ್ಲುವುದಿಲ್ಲ. ಸೊಪ್ಪು ಪೂರ್ತಿ ಬಿಟ್ಟವರಲ್ಲಿಯೇ ಅಂಕಿ ಹೆಚ್ಚು ಕುಣಿಯುತ್ತದೆ, ಏಕೆಂದರೆ ಅಪರೂಪಕ್ಕೆ ತಿಂದ ಒಂದು ಪತ್ರೊಡೆಯೂ ಅಲ್ಲಿ ದೊಡ್ಡದಾಗುತ್ತದೆ.

ನಮ್ಮ ಮನೆಯಲ್ಲಿ ಮಂಗಳವಾರ, ಶುಕ್ರವಾರ ಬಸಳೆ. ಒಮ್ಮೆ ಹುರುಳಿಯ ಜೊತೆ, ಒಮ್ಮೆ ಮರುವಾಯಿ (ಚಿಪ್ಪುಮೀನು) ಸಿಕ್ಕರೆ ಅದರ ಜೊತೆ. ನನ್ನ ಪಾಲು ಒಂದು ಸೌಟು. ರುಚಿಯಾಗಿದೆಯೆಂದು ತಟ್ಟೆ ಮುಂದಿಟ್ಟರೂ ಹೆಂಡತಿ ಎರಡನೆಯದು ಹಾಕುವುದಿಲ್ಲ. ಶಾಲೆಯಲ್ಲಿ ಉಳಿದಿದ್ದ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಎಲ್ಲವನ್ನೂ ಬರೆಯುತ್ತೇನೆ. ಮಕ್ಕಳ ಹೆಸರಿನ ಜಾಗದಲ್ಲಿ ಆಸಿಟ್ರಾಮ್, ಸೊಪ್ಪು, ಬೇರೆ ಮದ್ದು. ಮಾತ್ರೆ ನುಂಗಿದ ದಿನ ಹಾಜರಿ, ಐಎನ್‌ಆರ್ ಕೆಂಪು ಶಾಯಿಯಲ್ಲಿ. ಪೆನ್ನು ಮರೆತ ದಿನ ಮಾತ್ರೆಯನ್ನೂ ಮರೆತಿರುತ್ತೇನೆ, ಹಾಗಾಗಿ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಆ ಪುಸ್ತಕದಲ್ಲಿ ಒಂದೇ ಒಂದು ಕಡೆ 6.2 ಎಂದಿದೆ. ಹೊಟ್ಟೆ ಕೆಟ್ಟಿತೆಂದು ಮೆಟ್ರೊನಿಡಜೋಲ್ ತಂದು ಐದು ದಿನ ನುಂಗಿದ್ದೆ. ವಾಲ್ವ್ ಬಗ್ಗೆ ಅಂಗಡಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಹೊಟ್ಟೆಗೂ ಹೃದಯಕ್ಕೂ ಏನು ಸಂಬಂಧ ಎಂಬ ಪಂಡಿತ ನಾನು. ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಡುಬಿದ್ರಿ ದಾಟುವಾಗ ಮೂಗಿನಿಂದ ರಕ್ತ ಶುರುವಾಯಿತು, ಸುರತ್ಕಲ್ ಬಂದರೂ ನಿಲ್ಲಲಿಲ್ಲ. ಕಂಡಕ್ಟರ್ ತನ್ನ ಬೈರಾಸು (ಟವೆಲು) ಕೊಟ್ಟ. ಅದನ್ನು ತಿರುಗಿಸಿ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಇನ್ನೊಂದು ಮಾತು: ಆಟಿ ಅಮಾವಾಸ್ಯೆಗೆ ದೊಡ್ಡಮ್ಮ ಪಾಲೆ ಮರದ ತೊಗಟೆಯ ಕಷಾಯ ಕುಡಿಸಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕತ್ತಲಲ್ಲಿ ಪಾಲೆಯೆಂದು ವಿಷದ ಕಾಸರಕ ಮರದ ತೊಗಟೆ ತಂದರೆ ವಾಲ್ವ್ ಇಲ್ಲದವರೂ ಉಳಿಯುವುದಿಲ್ಲ.

ಮದ್ದಿನಂಗಡಿಯವ

ಮಾಷ್ಟ್ರು ಬಹುಪಾಲು ಹೇಳಿಬಿಟ್ಟಿದ್ದಾರೆ. ಹಂಪನಕಟ್ಟೆಯ ಹತ್ತಿರ ಹದಿನಾಲ್ಕು ವರ್ಷದಿಂದ ಕೌಂಟರಿನಲ್ಲಿ ನಿಂತವನಾಗಿ ಸ್ವಲ್ಪ ಸೇರಿಸುತ್ತೇನೆ.

ಆಸಿಟ್ರಾಮ್ 1, 2, 3, 4 ಮಿಲಿಗ್ರಾಂಗಳಲ್ಲಿ ಬರುತ್ತದೆ. ಡೋಸ್ ಬದಲಾದ ಮೇಲೆ ಮನೆಯಲ್ಲಿ ಹಳೆಯ ಸ್ಟ್ರಿಪ್ ಉಳಿದಿರುತ್ತದೆ, ಹಳೆಯದೂ ಹೊಸದೂ ಒಟ್ಟಿಗೆ ಹೊಟ್ಟೆಗೆ ಹೋದ ಪ್ರಕರಣ ಕಂಡಿದ್ದೇನೆ. ಹಳೆಯದನ್ನು ಡಬ್ಬಿಯಿಂದ ತೆಗೆದುಬಿಡಿ. ಅಂಗಡಿಯಲ್ಲಿ ‘ಇದಿಲ್ಲ, ವಾರ್ಫರಿನ್ ಇದೆ, ಎರಡೂ ಒಂದೇ’ ಎಂದರೆ ಒಪ್ಪಬೇಡಿ. ಕೆಲಸ ಒಂದೇ ಬಗೆಯದಾದರೂ ಅಳತೆ ಬೇರೆ. ಒಂದು ಸಂಜೆ ಮರೆತರೆ ಅದೇ ದಿನ ನೆನಪಾದಾಗ ಕೊಡಬಹುದು; ಮರುದಿನ ನೆನಪಾದರೆ ಎರಡು ಸೇರಿಸಿ ಕೊಡಬಾರದು, ತಪ್ಪಿದ್ದನ್ನು ಬರೆದಿಟ್ಟು ಡಾಕ್ಟರಿಗೆ ತಿಳಿಸಿ.

ಮಂಡಿಗೆ ಪ್ಯಾರಸಿಟಮಾಲ್ ವಾಸಿ. ಆದರೆ ಅದೂ ದಿನಗಟ್ಟಲೆ ನಡೆದರೆ ಐಎನ್‌ಆರ್ ಏರಿಸುತ್ತದೆ, ಕೇಳಿಯೇ ಕೊಡಿ. ಬಾಯಿಹುಣ್ಣಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಹಾಗೆಯೇ. ಹಚ್ಚುವುದು ತಾನೆ ಎಂದು ಯಾರೂ ಹೇಳುವುದಿಲ್ಲ. ಹಲ್ಲಿನ ಡಾಕ್ಟರಿಗೆ, ಸೊಂಟಕ್ಕೆ ಇಂಜೆಕ್ಷನ್ ಚುಚ್ಚುವವರಿಗೆ ಮೊದಲ ಮಾತೇ ‘ಆಸಿಟ್ರಾಮ್ ನುಂಗುತ್ತಿದ್ದಾರೆ’ ಎಂಬುದಾಗಿರಲಿ.

ಬಿಜೈಯ ಮಗಳು

ಮಾಷ್ಟ್ರೇ, ಓದಿದ ಕೂಡಲೇ ರಿಕ್ಷಾ ಹಿಡಿದೆ. ಐಎನ್‌ಆರ್ 5.1. ಡಾಕ್ಟರು ಎರಡು ದಿನ ಆಸಿಟ್ರಾಮ್ ನಿಲ್ಲಿಸಿ, ಮತ್ತೆ ಪರೀಕ್ಷೆ ಮಾಡಿಸಿ ಹಳೆಯ ಡೋಸಿಗೆ ಇಳಿಸಿದ್ದಾರೆ. ಡೈಕ್ಲೋಫೆನಾಕ್ ಸ್ಟ್ರಿಪ್ ನೋಡಿ ಅವರು ಏನೂ ಬೈಯಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಇನ್ನೂ ಕಷ್ಟವಾಯಿತು. ಕಟಪಾಡಿಯ ಊಟದ ಪಟ್ಟಿಯನ್ನು ಈ ಸಲ ಪೂರ್ತಿ ಒಪ್ಪಿಸಿದೆ. ಪಾಲೆ ಕಷಾಯವೂ ಆಗಿತ್ತಂತೆ, ಅಮ್ಮ ಅಲ್ಲೇ ಬಾಯಿಬಿಟ್ಟದ್ದು.

ಬಸಳೆಗೆ ಒಪ್ಪಿಗೆ ಸಿಕ್ಕಿದೆ. ವಾರಕ್ಕೆ ಎರಡು ದಿನ, ಒಂದೇ ಅಳತೆ, ಶುರು ಮಾಡಿದ ವಾರ ಮತ್ತೊಮ್ಮೆ ಪರೀಕ್ಷೆ. ಮುಂದಿನ ಗುರುವಾರದ ತನಕ ಚಪ್ಪರ ಮುಟ್ಟುವಂತಿಲ್ಲ. ಅಮ್ಮ ಇವತ್ತೇ ಮೀನಿನವಳನ್ನು ಗೇಟಿನಲ್ಲಿ ನಿಲ್ಲಿಸಿ ಮರುವಾಯಿ ಯಾವತ್ತು ತರುತ್ತೀ ಎಂದು ವಿಚಾರಿಸಿದ್ದಾರೆ.