ವಯಸ್ಸಾದ ಮೇಲೂ ಮೆದುಳಲ್ಲಿ ಹೊಸ ನರಕೋಶ ಹುಟ್ತದಾ?

ಕಾಪುವಿನ ಸೊಸೆ: ಅತ್ತೆಗೆ 71. ಮಾವ ಹೋದ ಮೇಲೆ ಮಂಕಾಗಿದ್ದಾರೆ, ಗ್ಯಾಸ್ ಆಫ್ ಮಾಡ್ಲಿಕ್ಕೂ ಮರೀತಾರೆ. ನಡೆದ್ರೆ ಹೊಸ ನರಕೋಶ ಹುಟ್ತದೆ ಅಂತ ವಾಟ್ಸಾಪಲ್ಲಿ ಬಂತು. ಹೌದಾ?

ಮಣಿಪಾಲ ಮೇಷ್ಟ್ರು: ಇಲಿಗಳಲ್ಲಿ ಹೌದು. ಚಕ್ರದಲ್ಲಿ ಓಡಿದವಕ್ಕೆ ಹಿಪೊಕ್ಯಾಂಪಸ್‌ನಲ್ಲಿ (ನೆನಪಿಗೆ ಬೇಕಾದ ಮೆದುಳಿನ ಭಾಗ) ಹೊಸ ಕೋಶ ಹೆಚ್ಚಾದದ್ದು 1999ರಲ್ಲೇ ಕಂಡಿದೆ. ಮನುಷ್ಯರ ವಿಷಯದಲ್ಲಿ ಜಗಳ ಮುಗಿದಿಲ್ಲ ಮಾರಾಯ್ರೆ. 2018ರಲ್ಲಿ ಒಂದು ತಂಡ ದೊಡ್ಡವರಲ್ಲಿ ಸಿಗಲೇ ಇಲ್ಲ ಅಂತು. ಅದೇ ವರ್ಷ ಇನ್ನೊಂದು ತಂಡ 79 ವರ್ಷದವರಲ್ಲೂ ಉಂಟು ಅಂತು. ಖಿನ್ನತೆ ಮಾತ್ರೆ ಕೆಲಸ ಮಾಡುವುದು ಹೊಸ ಕೋಶ ಹುಟ್ಟುವುದರಿಂದಲೇ ಎನ್ನುವುದೂ ಹೆಚ್ಚಾಗಿ ಇಲಿಗಳಲ್ಲಿ ಕಂಡ ಲೆಕ್ಕ.

ಸುರತ್ಕಲ್ ನರ್ಸ್: ಕೋಶ ಹುಟ್ಲಿ ಬಿಡ್ಲಿ, ಮೊದಲು ಡಾಕ್ಟ್ರಿಗೆ ತೋರಿಸಿ. ಖಿನ್ನತೆಯಲ್ಲೂ ಮರೆವು ಬರ್ತದೆ. ಬಿ12, ಥೈರಾಯ್ಡ್ ನೋಡಿಸಿ.

ಕಾಪುವಿನ ಸೊಸೆ: ಆಯ್ತಕ್ಕಾ. ಬೀಚಿಗೆ ನಡೀಲಿಕ್ಕೂ ಕರ್ಕೊಂಡು ಹೋಗ್ತೇನೆ, ಪಕ್ಕದ್ಮನೆಯವರು ಜೊತೆಗಿದ್ರೆ ಮಾತ್ರ ಹೊರಡ್ತಾರೆ.