ವಾಚನಾಲಯದಲ್ಲಿ ನಿಧಾನದ ಸಿನಿಮಾ ತೋರಿಸಿದವರು ಯಾರಾದರೂ ಇದ್ದೀರಾ?

ಬದಿಯಡ್ಕ: ಕಾಸರಗೋಡು ಜಿಲ್ಲೆಯ ನಮ್ಮ ಕನ್ನಡ ವಾಚನಾಲಯದಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸಬೇಕೆಂದಿದ್ದೇವೆ. ಹೊಡೆದಾಟದ್ದಲ್ಲ, ಮನುಷ್ಯರ ಮುಖ ನೋಡುತ್ತಾ ಕೂರುವಂಥದ್ದು. ಪ್ರೊಜೆಕ್ಟರ್ ಕೊಳ್ಳುವುದಾ, ಬಾಡಿಗೆಗೆ ತರುವುದಾ? ಅನುಭವ ಇದ್ದವರು ಹೇಳಿ.

ಪೆರ್ಲ: ಕೊಳ್ಳಬೇಡಿ. ನಾನು 14,500 ಕೊಟ್ಟು ಕೊಂಡೆ. ಹಗಲಲ್ಲೂ ಚೆನ್ನಾಗಿ ಕಾಣುತ್ತದೆ ಅಂದಿದ್ದರು ಅಂಗಡಿಯವರು. ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿದೆ, ಅದಕ್ಕೆ 2,200. ಆದರೂ ಮುಖಗಳೆಲ್ಲ ಬೂದಿ ಬಣ್ಣ. ಮೇಲಿಂದ ಅದರ ಫ್ಯಾನಿನ ಸದ್ದು. ‘ತಬರನ ಕಥೆ’ ಹಾಕಿದ್ದೆ. ಪಿಂಚಣಿಗೆ ಅಲೆಯುವ ತಬರನಾಗಿ ಚಾರುಹಾಸನ್ ಸುಮ್ನೆ ನಿಂತರೂ ಕರುಳು ಕಿವುಚುತ್ತದೆ. ಆ ಮೌನದಲ್ಲಿ ಈ ಪೆಟ್ಟಿಗೆ ಗುರ್ ಅನ್ನುತ್ತಿತ್ತು. ಫೈಟಿಂಗ್ ಸಿನಿಮಾ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಂಗಳೂರಿಗೆ ಹೊತ್ತುಕೊಂಡು ಹೋಗಿ ರಿಪೇರಿಗೆ 1,800 ಸುರಿದೆ. ಸದ್ದು ಹಾಗೆಯೇ ಉಂಟು.

ಕುಂಬಳೆ: ದುಡ್ಡಿನ ಕಥೆ ಬಿಡಿ. ನಾನು ನಮ್ಮ ಜಗಲಿಯಲ್ಲೇ ಟಿವಿ ಇಟ್ಟು ‘ದ್ವೀಪ’ ತೋರಿಸಿದೆ. ಅಣೆಕಟ್ಟಿನ ಹಿನ್ನೀರು ಏರುವಾಗ ಮನೆ ಉಳಿಸಲು ನಾಗಿ ಜೀವ ತೇಯುತ್ತಾಳೆ. ಗಂಡ ಎಲ್ಲ ದೇವರ ದಯೆ ಅನ್ನುತ್ತಾನೆ. ನಾಗಿಯಾಗಿ ಸೌಂದರ್ಯ ಅಲ್ಲಿ ಅಬ್ಬರಿಸುವುದಿಲ್ಲ. ನಮ್ಮ ಅತ್ತೆ, ಪಕ್ಕದ ಮನೆಯ ಚಿಕ್ಕಮ್ಮ ಪರಸ್ಪರ ಮುಖ ನೋಡಿಕೊಂಡರು. ಸಿನಿಮಾ ಮುಗಿದ ಮೇಲೆ ರಾತ್ರಿಯವರೆಗೂ ಮಾತಾಡಿದರು. ಗಂಡಸರು ಮಾತ್ರ ಮಧ್ಯದಲ್ಲೇ ಎದ್ದು ಹೋಗಿದ್ದರು.

ಪೆರ್ಲ: ಅಕ್ಕಾ, ನಾನು ಎಲ್ಲಿಗೂ ಎದ್ದು ಹೋದವನಲ್ಲ. ಜಗಲಿಯಲ್ಲಿ ಎಂಟು ಜನ ಕೂರಬಹುದು. ಅವರು ಕೇಳುತ್ತಿರುವುದು ವಾಚನಾಲಯಕ್ಕೆ.

ಕುಂಬಳೆ: ಎಂಟೇ ಜನ ಸಾಕು ಅಣ್ಣಾ. ಇಂಥ ಸಿನಿಮಾಕ್ಕೆ ಗುಂಪು ಯಾಕೆ?

ಮಂಜೇಶ್ವರ: ಕನ್ನಡದ್ದೇ ಆಗಬೇಕಾ? 2017ರ ಮಲಯಾಳ ಸಿನಿಮಾ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ ನಮ್ಮ ಕಾಸರಗೋಡಿನಲ್ಲೇ ನಡೆಯುವ ಕಥೆ. ಬಸ್ಸಲ್ಲಿ ಸರ ಕದ್ದು ನುಂಗಿದ ಕಳ್ಳ, ಸರ ಕಳೆದುಕೊಂಡ ಗಂಡ ಹೆಂಡತಿ, ಒಂದು ಪೊಲೀಸ್ ಸ್ಟೇಷನ್. ಕಳ್ಳನಾಗಿ ಫಹಾದ್ ಫಾಸಿಲ್ ನಕ್ಕರೆ ಸುಳ್ಳಾ ನಿಜವಾ ತಿಳಿಯುವುದಿಲ್ಲ. ನಾನು ಅದನ್ನು ನೋಡಿಯೇ ಈ ಜಾತಿಯ ಸಿನಿಮಾಕ್ಕೆ ಬಿದ್ದದ್ದು. ನಮ್ಮ ಕ್ಲಬ್ಬಿನಲ್ಲಿ ಹಾಕಿದಾಗ ಹುಡುಗರು ಮೊಬೈಲ್ ಮುಟ್ಟಲಿಲ್ಲ.

ನೀರ್ಚಾಲು: ಕನ್ನಡ ವಾಚನಾಲಯದಲ್ಲೂ ಮಲಯಾಳವಾ? ಇಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಸೇರಿಸಲು ಮನೆ ಮನೆ ಅಲೆಯುತ್ತಿದ್ದೇವೆ.

ಮಂಜೇಶ್ವರ: ನನ್ನ ಮಕ್ಕಳಿಬ್ಬರೂ ಕನ್ನಡ ಮೀಡಿಯಂ. ನನಗೆ ಪಾಠ ಹೇಳಬೇಡಿ.

ನೀರ್ಚಾಲು: ಪಾಠ ಅಲ್ಲ, ಸಂಕಟ. ಮಲಯಾಳ ಸಿನಿಮಾಕ್ಕೆ ಥಿಯೇಟರ್ ಉಂಟು. ‘ತಬರನ ಕಥೆ’, ‘ದ್ವೀಪ’ ಮಾಡಿದ ಗಿರೀಶ್ ಕಾಸರವಳ್ಳಿಯವರದ್ದಕ್ಕೆ ಈ ಊರಲ್ಲಿ ಯಾರಿದ್ದಾರೆ?

ಮುಳ್ಳೇರಿಯ: ಜಗಳ ಸಾಕು. ಪ್ರೊಜೆಕ್ಟರ್ ಬಾಡಿಗೆಗೆ ತನ್ನಿ, ದುಡ್ಡು ಸ್ಪೀಕರಿಗೆ ಹಾಕಿ. ಇಂಥ ಸಿನಿಮಾದಲ್ಲಿ ಅರ್ಧ ಕಥೆ ಹೆಜ್ಜೆ ಸದ್ದು, ಪಾತ್ರೆ ಸದ್ದು, ತಗ್ಗಿದ ದನಿಯಲ್ಲಿ ಉಂಟು. ನಮ್ಮದು ತಗಡಿನ ಮಾಡು. ಜೂನ್‌ನಲ್ಲಿ ಇಟ್ಟ ಶೋ ಮಳೆಗೆ ಪೂರಾ ಹಾಳಾಯಿತು. ಕರೆಂಟೂ ಹೋಯಿತು, ಜನರೇಟರಿಗೆ 1,500. ಅದರ ಗಲಾಟೆಯಲ್ಲಿ ಒಂದು ಮಾತೂ ಕೇಳಲಿಲ್ಲ. ಡಿಸೆಂಬರ್‌ನಲ್ಲಿ ಶುರು ಮಾಡಿ. ಹಕ್ಕು ಇರುವವರಿಂದ ಮೊದಲು ಒಪ್ಪಿಗೆ ಬರೆಸಿಕೊಳ್ಳಿ.

ಪೆರ್ಲ: ಡಿಸೆಂಬರ್‌ನಲ್ಲಾ? ಊರೆಲ್ಲ ಯಕ್ಷಗಾನಕ್ಕೆ ಹೋಗಿರುತ್ತದೆ ಮಾರಾಯ್ರೇ.