ಎರಡು ಗುರಿ ಔಷಧಗಳನ್ನು ಒಟ್ಟಿಗೆ ಕೊಡುವ ಟ್ರಯಲ್‌ಗೆ ತಂದೆಯವರನ್ನು ಸೇರಿಸಬಹುದೇ?

ಪ್ರಶ್ನೆ:
ನಮ್ಮ ತಂದೆಯವರಿಗೆ ನಾಲ್ಕನೇ ಹಂತದ ಶ್ವಾಸಕೋಶದ ಕ್ಯಾನ್ಸರ್ ಇರುವುದು ಪತ್ತೆಯಾಗಿದ್ದು, ಜೀನ್ ಪರೀಕ್ಷೆಯಲ್ಲಿ ಕೋಶಗಳ ಬೆಳವಣಿಗೆಗೆ ಸೂಚನೆ ಕೊಡುವ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಮ್ಯುಟೇಶನ್ (ಬದಲಾವಣೆ) ಕಂಡುಬಂದಿದೆ. ಅದನ್ನು ತಡೆಯುವ ಒಸಿಮರ್ಟಿನಿಬ್ ಮಾತ್ರೆಯ ಜೊತೆಗೆ ಮತ್ತೊಂದು ಗುರಿ ಔಷಧವನ್ನು (ಕ್ಯಾನ್ಸರ್ ಕೋಶದ ನಿರ್ದಿಷ್ಟ ದೋಷವನ್ನೇ ಗುರಿಯಾಗಿಸುವ ಔಷಧ) ಕೊಟ್ಟು ನೋಡುವ ಕ್ಲಿನಿಕಲ್ ಟ್ರಯಲ್‌ಗೆ ಸೇರಬಹುದೆಂದು ವೈದ್ಯರು ಹೇಳಿದ್ದಾರೆ. ಒಂದು ಮಾತ್ರೆಯೇ ಚೆನ್ನಾಗಿ ಕೆಲಸ ಮಾಡುವಾಗ ಎರಡನೆಯದು ಏಕೆ ಬೇಕು? ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಏನನ್ನು ಕೇಳಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಆ ಮಾತ್ರೆ ನಿಜಕ್ಕೂ ಒಳ್ಳೆಯದು, ಆದರೆ ಬಹುತೇಕ ಎಲ್ಲರಲ್ಲೂ ಒಂದಲ್ಲ ಒಂದು ದಿನ ಅದರ ಪ್ರಭಾವ ಕುಗ್ಗುತ್ತದೆ. ಫ್ಲೌರಾ ಟ್ರಯಲ್‌ನಲ್ಲಿ ಒಸಿಮರ್ಟಿನಿಬ್ ಒಂದನ್ನೇ ಪಡೆದವರ ರೋಗ ಹತೋಟಿಯಲ್ಲಿದ್ದ ಮಧ್ಯಕ ಅವಧಿ 18.9 ತಿಂಗಳು (ಅರ್ಧದಷ್ಟು ಜನರಲ್ಲಿ ಇದಕ್ಕಿಂತ ಹೆಚ್ಚು, ಉಳಿದರ್ಧ ಜನರಲ್ಲಿ ಕಡಿಮೆ). ಇಜಿಎಫ್‌ಆರ್ ದಾರಿ ಮುಚ್ಚಿದಾಗ ಕೆಲವು ಕ್ಯಾನ್ಸರ್ ಕೋಶಗಳು ಮೆಟ್ ಎಂಬ ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಂಡು ಅದರ ಮೂಲಕ ಬೆಳೆಯತೊಡಗುತ್ತವೆ. ಅಮಿವಾಂಟಮ್ಯಾಬ್ ಎಂಬ ಪ್ರತಿಕಾಯವನ್ನು ಇಜಿಎಫ್‌ಆರ್ ಮತ್ತು ಮೆಟ್ ಎರಡಕ್ಕೂ ಅಂಟಿಕೊಳ್ಳುವಂತೆ ರೂಪಿಸಿರುವುದು ಇದೇ ಕಾರಣಕ್ಕೆ. ಎರಡು ಗುರಿ ಔಷಧಗಳ ಜೋಡಿ ಹೊಸದೇನಲ್ಲ: ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಬಿಆರ್‌ಎಎಫ್ ವಿ600ಇ ಎಂಬ ಬೇರೊಂದು ಮ್ಯುಟೇಶನ್ ಇರುವವರಿಗೆ ಡಬ್ರಾಫೆನಿಬ್ ಮತ್ತು ಟ್ರಮೆಟಿನಿಬ್ ಜೋಡಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಒಪ್ಪಿಗೆ ನೀಡಿದೆ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ. ಆದರೆ ರೋಗ ಹತೋಟಿಯಲ್ಲಿರುವ ಅವಧಿ ಹೆಚ್ಚಿತೆಂದ ಮಾತ್ರಕ್ಕೆ ಆಯುಸ್ಸೂ ಹೆಚ್ಚುತ್ತದೆಂದು ಹೇಳಲಾಗದು. ರಿಲೇ ಟ್ರಯಲ್‌ನಲ್ಲಿ ಎರ್ಲೋಟಿನಿಬ್ ಎಂಬ ಹಳೆಯ ಇಜಿಎಫ್‌ಆರ್ ಮಾತ್ರೆಯ ಜೊತೆಗೆ, ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ರಾಮುಸಿರುಮ್ಯಾಬ್ ಸೇರಿಸಿದಾಗ ಆ ಅವಧಿ 12.4ರಿಂದ 19.4 ತಿಂಗಳಿಗೆ ಏರಿದರೂ ಒಟ್ಟು ಬದುಕುಳಿಯುವಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಾರಿಪೋಸಾ ಟ್ರಯಲ್‌ನ ಕಥೆ ಬೇರೆ: ಅಮಿವಾಂಟಮ್ಯಾಬ್ ಮತ್ತು ಲಾಜರ್ಟಿನಿಬ್ (ಒಸಿಮರ್ಟಿನಿಬ್‌ನಂಥದೇ ಮಾತ್ರೆ) ಜೋಡಿ 23.7 ತಿಂಗಳು, ಒಸಿಮರ್ಟಿನಿಬ್ ಒಂದೇ 16.6 ತಿಂಗಳು ರೋಗವನ್ನು ತಡೆದವು, ಮುಂದೆ ಆಯುಸ್ಸಿನಲ್ಲೂ ಲಾಭ ಕಂಡುಬಂತು. ಅದಕ್ಕೆ ತೆತ್ತ ಬೆಲೆ ಮಾತ್ರ ಸಣ್ಣದಲ್ಲ. ಜೋಡಿ ಪಡೆದ 100 ಜನರಲ್ಲಿ ಸುಮಾರು 37 ಮಂದಿಗೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿತು. ಒಂದೇ ಮಾತ್ರೆ ಪಡೆದವರಲ್ಲಿ ಇದು ಸುಮಾರು 9. ಆದ್ದರಿಂದ ಈಗ ಮೊದಲ ನಾಲ್ಕು ತಿಂಗಳು ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡುವ ಸಲಹೆಯಿದೆ. ಅಮಿವಾಂಟಮ್ಯಾಬನ್ನು ಡ್ರಿಪ್ ಮೂಲಕ ಕೊಡುವಾಗ ಮೊದಲ ದಿನವೇ ಚಳಿ ಅಥವಾ ಉಸಿರಾಟದ ತೊಂದರೆ ಬರಬಹುದೆಂದು ಮೊದಲ ಡೋಸನ್ನು ಎರಡು ದಿನಗಳಿಗೆ ಹಂಚುತ್ತಾರೆ. ಉಗುರಿನ ಸುತ್ತ ಕೆಂಪಾಗಿ ಊದಿಕೊಂಡು ಅಂಗಿಯ ಗುಂಡಿ ಹಾಕುವುದೂ ನೋವಾಗಬಹುದು. ಇಂಥವನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬು ಧನ್ಯವಾದಗಳು. ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರ್ ಲಾಟರಿಯಂತೆ ಆರಿಸುವಾಗ ತಂದೆಯವರು ಒಂದೇ ಮಾತ್ರೆಯ ಗುಂಪಿಗೆ ಬಂದರೆ ಅವರಿಗೆ ನಷ್ಟವಾಗುವುದಿಲ್ಲವೇ?

ಉತ್ತರ 3:
ನೀವು ಕೇಳಬೇಕಾದ ಮುಖ್ಯ ಪ್ರಶ್ನೆಯೇ ಇದು. ಹೋಲಿಕೆಯ ಗುಂಪಿಗೆ ಸಿಗುವ ಚಿಕಿತ್ಸೆ ಇಂದಿನ ಉತ್ತಮ ಚಿಕಿತ್ಸೆಗೆ ಸಮವಾಗಿರಬೇಕು. ಫ್ಲೌರಾ2 ಟ್ರಯಲ್‌ನಲ್ಲಿ ಒಸಿಮರ್ಟಿನಿಬ್ ಜೊತೆಗೆ ಕೀಮೋಥೆರಪಿ ಪಡೆದವರ ಮಧ್ಯಕ ಆಯುಸ್ಸು 47.5 ತಿಂಗಳು, ಮಾತ್ರೆಯೊಂದನ್ನೇ ಪಡೆದವರದು 37.6 ತಿಂಗಳು. ಹೀಗಿರುವಾಗ ಆ ಗುಂಪಿಗೆ ಮಾತ್ರೆ ಮಾತ್ರ ಏಕೆ, ರೋಗ ಬೆಳೆದರೆ ಎರಡನೇ ಔಷಧ ಸಿಗುತ್ತದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಟ್ರಯಲ್‌ನಿಂದ ಹೊರಬರುವ ಹಕ್ಕು ತಂದೆಯವರಿಗಿದೆ. ಹೊರಬಂದರೆಂದು ಅವರ ಮಾಮೂಲು ಚಿಕಿತ್ಸೆಯನ್ನು ಯಾರೂ ನಿರಾಕರಿಸುವಂತಿಲ್ಲ.